ಹೂಬಿಡದ ಸೇವಂತಿಗೆ

ಡಿಪೋದಲ್ಲಿ ಬಸ್ಸು ತೊಳೆಯುವ ಜಾಗದಲ್ಲಿ ಸೋಪಿನ ನೀರಿಗೆ ಕಾಲು ಜಾರಿ ಡ್ರೈವರ್ ಬಿದ್ದ. ಬಲಗಾಲಿನ ಕೀಲಿನ ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು. ಆರು ವಾರದ ಪ್ಲಾಸ್ಟರ್ ಹಾಕಿಸಿ, ಜೊತೆಯ ನಾಲ್ವರು ಅವನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ಹೊತ್ತು ತಂದರು. ಮಹಡಿಗೊಮ್ಮೆ ಇಳಿಸಿ ಸುಧಾರಿಸಿಕೊಂಡರು. "ಆರು ವಾರ ಇವನನ್ನ ಕೆಳಗಿಳಿಸ್ಬೇಡಿ ಅತ್ತಿಗೆ, ಮತ್ತೆ ಹೊರೋಕೆ ನಮ್ಮ ಕೈಲಾಗಲ್ಲ" ಎಂದು ಒಬ್ಬ ಹೇಳಿದ. ಚಹಾ ಕುಡಿದು ಎಲ್ಲರೂ ಹೋದರು.

ಇಪ್ಪತ್ತೆರಡು ವರ್ಷ ಬಸ್ಸೋಡಿಸಿದವನು ಅವನು. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ್ದು. ಮನೆ ಎಂದರೆ ಅವನಿಗೆ ಒಂದು ತಟ್ಟೆ, ಒಂದು ಮಂಚ, ಒಂದು ಬಕೆಟ್ ಬಿಸಿನೀರು. ಹಗಲು ಹೊತ್ತು ಆ ಎರಡು ಕೋಣೆಗಳಲ್ಲಿ ಏನು ನಡೆಯುತ್ತದೆಂದು ಅವನು ನೋಡಿದವನೇ ಅಲ್ಲ. ಈಗ ಮೂರೇ ದಿನದಲ್ಲಿ ಎಲ್ಲವನ್ನೂ ನೋಡಿ, ತಿದ್ದಲೂ ಹೊರಟ.

"ಅಮ್ಮಾ, ಎರಡು ಪಾತ್ರೆ ತೊಳೆಯೋಕೆ ನಲ್ಲಿ ಅಷ್ಟು ಜೋರಾಗಿ ಬಿಡ್ಬೇಕಾ?"

ಅವನ ತಾಯಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಮುನ್ನೂರು ಜನಕ್ಕೆ ಬೇಯಿಸಿ ಹಾಕಿದವಳು. ನಲ್ಲಿ ನಿಲ್ಲಿಸಲಿಲ್ಲ.

"ನೀನು ಬಸ್ಸೋಡಿಸುವಾಗ ನಾನು ಬಂದು ಬ್ರೇಕ್ ಹಾಕು ಅಂದಿದ್ನೇನೋ?"

ಮಗಳಿಗೆ ಹದಿಮೂರು. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಬಿಡದೆ ಅಳುತ್ತಿದ್ದಳೆಂದು ಮನೆಯವರು ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದರು. ಅವಳ ಪುಸ್ತಕಗಳನ್ನು ಅಪ್ಪ ಎತ್ತರಕ್ಕೆ ತಕ್ಕಂತೆ ಜೋಡಿಸಿಟ್ಟ. ಮರುದಿನ ಅವಳು ವಿಜ್ಞಾನದ ಪುಸ್ತಕವಿಲ್ಲದೆ ಶಾಲೆಗೆ ಹೋಗಿ ಬೈಸಿಕೊಂಡು ಬಂದಳು. ನಾಲ್ಕನೆಯ ದಿನ ಅಜ್ಜಿ ಒಂದು ಹಾಸಿಗೆ ಸುತ್ತಿ ಬಾಲ್ಕನಿಗೆ ಒಯ್ದು ಹಾಸಿದಳು.

"ಅಲ್ಲಿ ಕೂತು ರಸ್ತೆ ನೋಡು. ನಿನಗೆ ಗೊತ್ತಿರೋದು ಅದೊಂದೇ."

ಬಾಲ್ಕನಿ ನಾಲ್ಕಡಿ ಅಗಲ, ಏಳಡಿ ಉದ್ದ. ಅರ್ಧಕ್ಕೆ ಬಟ್ಟೆ ಒಣಹಾಕುವ ಹಗ್ಗ. ಉಳಿದರ್ಧದಲ್ಲಿ ಮೂರು ಮೆಟ್ಟಿಲಿನ ಒಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಹನ್ನೊಂದು ಕುಂಡ. ಅವುಗಳಲ್ಲಿ ನಿಜವಾದ ಕುಂಡಗಳು ನಾಲ್ಕೇ. ಮಿಕ್ಕವು ಎಣ್ಣೆ ಡಬ್ಬ, ಕಿವಿ ಮುರಿದ ಬಕೆಟ್ಟು, ತೂತು ಬಿದ್ದ ಕುಕ್ಕರು. ಎಲ್ಲವೂ ಹೆಂಡತಿಯವು. ಅವಳು ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಆ ಸ್ಟ್ಯಾಂಡು ಅಂಗಡಿಯವರು ಬಿಸಾಕಿದ್ದನ್ನು ಅವಳು ತಲೆಯ ಮೇಲೆ ಹೊತ್ತು ತಂದದ್ದು.

ಪ್ಲಾಸ್ಟರಿನ ಕಾಲು ಚಾಚಿ ನೆಲದ ಮೇಲೆ ಕೂತವನಿಗೆ ರಸ್ತೆ ಕಾಣಲಿಲ್ಲ, ಗೋಡೆ ಅಡ್ಡವಿತ್ತು. ಕಂಡದ್ದು ಗಿಡಗಳು. ಬೇರೆ ದಾರಿಯಿಲ್ಲದೆ ಅವನ್ನೇ ನೋಡಿದ. ಎಣ್ಣೆ ಡಬ್ಬದಲ್ಲಿದ್ದ ಕುಳ್ಳ ಗಿಡದ ಗುಲಾಬಿ ಬಣ್ಣದ ಹೂಗಳು ಬೆಳಿಗ್ಗೆ ಒಂಬತ್ತೂವರೆಗೆ ತೆರೆದುಕೊಂಡು ಮಧ್ಯಾಹ್ನ ಎರಡರ ಹೊತ್ತಿಗೆ ಮುದುಡುತ್ತಿದ್ದವು. ಮೊದಲ ದಿನ ಆಕಸ್ಮಿಕ ಎಂದುಕೊಂಡ. ಎರಡನೆಯ ದಿನ ಕೈಗಡಿಯಾರ ಹಾಕಿಕೊಂಡು ಬಂದು ಕೂತ.

"ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ ಕಣಮ್ಮ. ನಮ್ಮ ಡಿಪೋಗಿಂತ ವಾಸಿ."

"ಮೋಡ ಇದ್ದ ದಿನ ನೋಡು, ಆಗ ಅದೂ ಲೇಟು" ಎಂದಳು ತಾಯಿ, ಆಲೂಗಡ್ಡೆ ಸುಲಿಯುತ್ತ.

ಗುಲಾಬಿಯ ಎಳೆ ಕುಡಿಗೆ ಮುತ್ತಿದ ಹಸಿರು ಹೇನುಗಳನ್ನು ಇರುವೆಗಳು ಮೀಸೆಯಿಂದ ತಟ್ಟಿ ಏನನ್ನೋ ಕುಡಿಯುವುದನ್ನು ನೋಡಿದ. ಮಗಳು ಶಾಲೆಯಿಂದ ಬಂದೊಡನೆ ಕೂಗಿ ಕರೆದ. ಅಪ್ಪ ಮಗಳು ಅರ್ಧ ಗಂಟೆ ಬಗ್ಗಿ ನೋಡಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅವನ ಕೈ ಸುಮ್ಮನಿರುವ ಕೈಯಲ್ಲ. ಬಿಸಿಲಿನ ಕಡೆಗೆಂದು ಕುಂಡಗಳನ್ನು ತಿರುಗಿಸಿದ. ಒಣಗಿದಂತೆ ಕಂಡವಕ್ಕೆಲ್ಲ ಚೊಂಬಿನಲ್ಲಿ ನೀರು ಸುರಿದ.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಟ್ಟು ನೇರ ಬಾಲ್ಕನಿಗೆ ಹೋದಳು.

"ಯಾರು ನೀರು ಹಾಕಿದ್ದು?"

"ನಾನೇ. ಪಾಪ, ಒಣಗಿದ್ವು."

"ಒಣಗ್ಲಿ ಅಂತಾನೇ ಬಿಟ್ಟಿದ್ದೆ. ನಿತ್ಯಪುಷ್ಪಕ್ಕೆ ನೀರು ಜಾಸ್ತಿಯಾದ್ರೆ ಬುಡ ಕೊಳೆಯುತ್ತೆ. ಮುಟ್ಟೋದಾದ್ರೆ ಕೇಳಿ ಮುಟ್ಟಿ."

ಅವನು ತಲೆಯಾಡಿಸಿದ. ಒಂದು ವಾರದಲ್ಲಿ ನಿತ್ಯಪುಷ್ಪದ ಬುಡ ಕೊಳೆತು ಗಿಡ ಮಗುಚಿಕೊಂಡಿತು. ಅವಳು ಅದನ್ನು ಕಿತ್ತು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದಳು.

ಸ್ಟ್ಯಾಂಡಿನ ತುದಿಯಲ್ಲಿ, ಬಕೆಟ್ಟಿನಲ್ಲಿ, ಪೊದೆಯಂತೆ ಬೆಳೆದ ಒಂದು ಸೇವಂತಿಗೆ ಇತ್ತು. ಎಲ್ಲಕ್ಕಿಂತ ದಷ್ಟಪುಷ್ಟ, ಎಲೆ ಕಡು ಹಸಿರು. ಅದರಲ್ಲಿ ಹೂವೊಂದೂ ಇರಲಿಲ್ಲ.

"ಇದು ಯಾವಾಗ ಬಿಡುತ್ತೆ?" ಎಂದು ಮಗಳನ್ನು ಕೇಳಿದ.

"ಗೊತ್ತಿಲ್ಲ. ಎರಡು ವರ್ಷ ಆಯ್ತು, ಬಿಟ್ಟೇ ಇಲ್ಲ. ಅಂಗಡಿಯವರು ಯಾವುದೋ ದಿನಕ್ಕೆ ಹೂಗುಚ್ಛ ತರಿಸಿದ್ರಂತೆ. ಬಿಳಿ, ಹಳದಿ, ನೇರಳೆ ಎಲ್ಲ ಇತ್ತಂತೆ. ಹೂವೆಲ್ಲ ಉದುರಿದ ಮೇಲೆ ಬಿಸಾಕಿದ್ರಲ್ಲ, ಅದರೊಳಗಿಂದ ಅಮ್ಮ ಒಂದು ಕಡ್ಡಿ ತಂದು ನೆಟ್ಟಿದ್ದು. ಯಾವ ಬಣ್ಣ ಅಂತ ಅಮ್ಮಂಗೂ ಗೊತ್ತಿಲ್ಲ."

"ಗೊತ್ತಿಲ್ದೆ ಎರಡು ವರ್ಷ ಸಾಕಿದ್ದಾಳಾ?"

"ಗೊತ್ತಿಲ್ಲ ಅಂತಾನೇ ಸಾಕಿದ್ದಾಳೆ ಅನ್ಸುತ್ತೆ" ಎಂದಳು ಪಿಟೀಲು.

ಎರಡನೆಯ ವಾರದ ಕೊನೆಯಲ್ಲಿ ಅವನೊಂದು ವಿಷಯ ಕಂಡುಹಿಡಿದ. ಗೋಡೆಗೂ ಸ್ಟ್ಯಾಂಡಿಗೂ ನಡುವೆ ಅಜ್ಜಿಯ ಹಳೆಯ ಇಸ್ತ್ರಿ ಹಲಗೆಯನ್ನು ಒರಗಿಸಿಟ್ಟಿದ್ದರು. ಸೇವಂತಿಗೆಯ ಒಂದು ರೆಂಬೆ ಆ ಹಲಗೆಯ ಹಿಂದಕ್ಕೆ ನುಸುಳಿ ಬೆಳೆದಿತ್ತು. ನಿಂತು ನೋಡುವವರಿಗೆ ಅದು ಕಾಣುತ್ತಿರಲಿಲ್ಲ. ನೆಲದ ಮೇಲೆ ತಲೆಯಿಟ್ಟು ಮಲಗಿದವನಿಗೆ ಕಂಡಿತು. ಅದರ ತುದಿಯಲ್ಲಿ ಕಾಳುಮೆಣಸಿನಷ್ಟು ದಪ್ಪದ ಒಂದು ಮೊಗ್ಗಿತ್ತು.

ಹೆಂಡತಿ ಬರಲು ಇನ್ನೂ ಐದು ಗಂಟೆ ಇತ್ತು. ಪಾಪ, ಈ ರೆಂಬೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ, ಹೊರಗೆ ತೆಗೆದು ಬೆಳಕಿಗೆ ಕಟ್ಟಿದರೆ ಅವಳು ಬರುವಾಗ ಎದುರಿಗೇ ಕಾಣುತ್ತದೆ ಎಂದುಕೊಂಡ. ಹಲಗೆ ಸರಿಸಿ, ರೆಂಬೆ ಹಿಡಿದು ಮೆಲ್ಲಗೆ ಎಳೆದ. ರೆಂಬೆ ಬುಡದಲ್ಲೇ ಲಟಕ್ಕೆಂದು ಮುರಿದು ಕೈಗೆ ಬಂತು.

ಮುರಿದ ರೆಂಬೆಯನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಹಾಸಿಗೆಯ ಕೆಳಗೆ ತಳ್ಳಿದ. ಹಲಗೆಯನ್ನು ಮತ್ತೆ ಒರಗಿಸಿದ.

ಆದರೆ ದಿನವಿಡೀ ಗಾಜಿನ ಮೇಲಿನ ಕೂದಲೆಳೆ ಗೀರು ಹುಡುಕುವವಳ ಕಣ್ಣು ಅವಳದು. ಚಹಾ ಲೋಟ ಹಿಡಿದು ಬಾಲ್ಕನಿಗೆ ಹೋದವಳು ಎರಡು ನಿಮಿಷಕ್ಕೆ ತಿರುಗಿ ಬಂದಳು.

"ಸೇವಂತಿಗೆ ಏನಾಯ್ತು?"

"ಏನಾಯ್ತು?"

"ಬುಡದಲ್ಲಿ ಹಸಿ ಗಾಯ ಇದೆ."

"ಬೆಕ್ಕು ಬಂದಿತ್ತು," ಎಂದ ಡ್ರೈವರ್. "ಆ ಬೂದು ಬೆಕ್ಕು."

ಅಡುಗೆಮನೆಯಿಂದ ತಾಯಿ ಇಣುಕಿದಳು. "ಮೂರನೇ ಮಹಡಿಗೆ ಬೆಕ್ಕು ಹಾರಿ ಬಂತೇನೋ?"

ಮಗಳು ಅಪ್ಪನ ಮುಖ ನೋಡಿ, ಬಾಲ್ಕನಿಯ ಹಾಸಿಗೆಯಡಿಯಿಂದ ಇಣುಕುತ್ತಿದ್ದ ಪತ್ರಿಕೆ ನೋಡಿದಳು. ಹೆಂಡತಿಯೂ ಅತ್ತ ನೋಡಿದಳು. ಹೋಗಿ ಬಗ್ಗಿ ಅದನ್ನು ಎಳೆದು ತಂದು ಬಿಚ್ಚಿದಳು. ಬಾಡಿದ ರೆಂಬೆಯನ್ನು ತಿರುಗಿಸುವಾಗ ತುದಿಯ ಮೊಗ್ಗು ಅವಳ ಕಣ್ಣಿಗೆ ಬಿತ್ತು.

"ಎರಡು ವರ್ಷಕ್ಕೆ ಬಂದಿದ್ದು ಇದೊಂದು" ಎಂದಳು.

"ನಿನಗೆ ತೋರ್ಸೋಣ ಅಂತಾನೇ ತೆಗೆಯೋಕೆ ಹೋದೆ ಕಣೇ. ಕೈ ಜಾರಿತು."

"ಕೈ ಜಾರಿದ್ದಕ್ಕೆ ನಾನೇನೂ ಅನ್ನಲ್ಲ. ಬೆಕ್ಕು ಯಾಕೆ ಬಂತು ನಡುವೆ?"

ಅವಳು ರೆಂಬೆಯನ್ನು ಮೇಜಿನ ಮೇಲಿಟ್ಟಳು.

"ಮಂಚ ನಿಮ್ಮ ಅಪ್ಪಂದು, ಅಡುಗೆಮನೆ ಅತ್ತೇದು, ಮೇಜು ಇವಳದು. ಈ ಮನೇಲಿ ನಿಂದು ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಆ ಸ್ಟ್ಯಾಂಡ್ ತೋರಿಸ್ತಿದ್ದೆ. ನೀವು ಕೂತಿದ್ದು ಎರಡು ವಾರ. ಅಷ್ಟರಲ್ಲಿ ಅದೂ ನಿಮ್ಮದಾಯ್ತು. ತಿರುಗಿಸಿದ್ರಿ, ನೀರು ಹಾಕಿದ್ರಿ, ಒಂದನ್ನ ಕೊಳೆಸಿದ್ರಿ. ಇನ್ಮೇಲೆ ಹಾಸಿಗೆ ಒಳಗೇ ಇರಲಿ."

ಆ ರಾತ್ರಿ ಅನ್ನ ಬೇಳೆ ಬಡಿಸಿ ಅವಳು ತನ್ನ ತಟ್ಟೆ ಹಿಡಿದು ಬಾಲ್ಕನಿಯಲ್ಲಿ ನಿಂತೇ ಉಂಡಳು. ಡ್ರೈವರ್ ಎದ್ದು ಕರೆಯಲು ಹೊರಟಾಗ ಮಗಳು ತಡೆದಳು.

"ಬೇಡ ಅಪ್ಪಾ. ಅಮ್ಮ ಅಲ್ಲಿರುವಾಗ ನಾವು ಮಾತಾಡ್ಸಲ್ಲ."

"ಯಾರು ಹಾಗಂದಿದ್ದು?"

"ಯಾರೂ ಅಂದಿಲ್ಲ. ದಿನಾ ಸಂಜೆ ಅರ್ಧ ಗಂಟೆ ಅಲ್ಲಿರ್ತಾಳೆ. ನನಗೆ ಅಜ್ಜಿಗೆ ಇಬ್ಬರಿಗೂ ಗೊತ್ತು."

ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಅವನಿಗೆ ಮಾತ್ರ ಗೊತ್ತಿರಲಿಲ್ಲ.

ಒಂದು ವಾರ ಮನೆಯಲ್ಲಿ ಮಾತು ಅಳೆದು ತೂಗಿ ನಡೆಯಿತು. "ಉಪ್ಪು", "ಟವೆಲ್ಲು", "ಮಾತ್ರೆ ಆಯ್ತಾ" ಇಷ್ಟೇ. ಡ್ರೈವರ್ ಬಾಗಿಲೊಳಗೆ ಕೂತು ದೂರದಿಂದ ಸೇವಂತಿಗೆಯನ್ನು ನೋಡುತ್ತಿದ್ದ. ತಪ್ಪು ಮಾಡಿದ ಬೇಸರ ಒಂದು ಕಡೆ ಇದ್ದರೆ, ಇನ್ನೊಂದು ಕಡೆ ಒಂದು ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಬಿಸಿಲಿಗಿದ್ದ ಇಪ್ಪತ್ತು ರೆಂಬೆ ಬಿಟ್ಟು, ಹಲಗೆಯ ಹಿಂದೆ ಅಡಗಿದ್ದ ಆ ಒಂದಕ್ಕೇ ಮೊಗ್ಗು ಬಂದದ್ದೇಕೆ?

ಬೆಳಗಿನ ತಿಂಡಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅಜ್ಜಿ ಮೊಟ್ಟೆ ಸುಲಿಯುತ್ತ ಗೊಣಗಿದಳು.

"ಇದೇನು, ಪಾರಿವಾಳದ ಮೊಟ್ಟೆ ಹಾಗಿದೆ. ನಮ್ಮ ಕ್ಯಾಂಟೀನಿನ ಹಿಂದೆ ಒಬ್ಬರು ಕೋಳಿ ಸಾಕಿದ್ರು. ಕತ್ತಲಾದ ಮೇಲೂ ಗೂಡಿನಲ್ಲಿ ದೀಪ ಉರಿಸ್ತಿದ್ರು."

"ಯಾಕಜ್ಜಿ, ಕೋಳಿ ಓದ್ಕೋತಿದ್ವಾ?" ಎಂದಳು ಪಿಟೀಲು.

"ಓದೋದಲ್ಲ, ಮೊಟ್ಟೆಗೆ. ಹಗಲು ಗಿಡ್ಡ ಆದ್ರೆ ಕೋಳಿ ಮೊಟ್ಟೆ ನಿಲ್ಸುತ್ತೆ. ದೀಪ ಹಾಕಿದ್ರೆ ಇನ್ನೂ ಹಗಲೇ ಅಂತ ತಿಳ್ಕೊಂಡು ಇಡುತ್ತೆ. ಬೆಪ್ಪು ಜೀವ."

ಡ್ರೈವರ್ ಬಾಯಿಗಿಟ್ಟ ಬ್ರೆಡ್ಡು ಹಾಗೇ ಹಿಡಿದ. ಬಾಲ್ಕನಿಯ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಬೀದಿ ದೀಪದ ಕಂಬ ನಿಂತಿತ್ತು.

"ಆ ಕಂಬ ನೆಟ್ಟಿದ್ದು ಯಾವಾಗ?"

"ನೀವು ದೊಡ್ಡ ಬಸ್ಸಿಗೆ ಹೋದ ವರ್ಷ" ಎಂದಳು ಹೆಂಡತಿ. ಒಂದು ವಾರದಲ್ಲಿ ಅವಳಾಡಿದ ಉದ್ದದ ಮಾತು ಅದೇ. "ಸೇವಂತಿಗೆ ನೆಟ್ಟು ತಿಂಗಳಾಗಿತ್ತು. ಯಾಕೆ?"

"ಏನಿಲ್ಲ" ಎಂದ ಅವನು. ಏನಿಲ್ಲ ಎಂದ ಮೇಲೂ ಅವನ ಮುಖದಲ್ಲಿ ಏನೋ ಇತ್ತು. ಅವಳು ಅದನ್ನು ನೋಡಿಯೇ ಕೆಲಸಕ್ಕೆ ಹೋದಳು.

ಅಂದು ಸಂಜೆ ಅವಳು ಚಹಾ ಮುಗಿಸುವವರೆಗೆ ಕಾದ. ಊರುಗೋಲು ಊರಿಕೊಂಡು ಬಾಲ್ಕನಿಯ ಹೊಸ್ತಿಲವರೆಗೆ ಹೋಗಿ, ದಾಟದೆ ನಿಂತ.

"ಒಂದು ಮಾತು ಕೇಳ್ಲಾ?"

"ಕೇಳಿ."

"ಆ ಗಿಡದ ಬುಡದಲ್ಲಿ ಮರಿ ಎದ್ದಿದಾವಲ್ಲ. ಎರಡು ಕೊಡ್ತೀಯಾ?"

"ಏನಕ್ಕೆ?"

ಅವನು ಹೇಳಿದ. ಸೇವಂತಿಗೆ ಹಗಲು ಗಿಡ್ಡವಾದಾಗ ಹೂಬಿಡುವ ಗಿಡ ಇರಬಹುದು, ದೀಪದಿಂದಾಗಿ ಅದಕ್ಕೆ ಕತ್ತಲೆಯೇ ಆಗುತ್ತಿಲ್ಲ, ಹಲಗೆ ಮರೆಯಾಗಿದ್ದ ರೆಂಬೆಗೆ ಮಾತ್ರ ಕತ್ತಲು ಸಿಕ್ಕಿತ್ತು.

"ಕೋಳಿಗೆ ದೀಪ ಇದ್ರೆ ಮೊಟ್ಟೆ. ಇದಕ್ಕೆ ದೀಪ ಇಲ್ದಿದ್ರೆ ಹೂವು. ಹಾಗೇನಾದ್ರೂ ಇರ್ಬಹುದಾ ಅಂತ."

"ನನ್ನ ಗಿಡ ನಿಮಗೆ ಕೋಳಿಯಾಯ್ತಾ?"

"ಒಂದನ್ನ ಸಂಜೆ ಮುಚ್ತೀನಿ, ಇನ್ನೊಂದನ್ನ ಹಾಗೇ ಬಿಡ್ತೀನಿ. ನಿನ್ನ ಗಿಡ ಮುಟ್ಟಲ್ಲ."

ಅವಳು ಲೋಟ ಕೆಳಗಿಟ್ಟಳು. ಆಮೇಲೆ ಹಳೇ ಚಮಚ ತೆಗೆದುಕೊಂಡು, ಇದ್ದುದರಲ್ಲೇ ಸಣಕಲಾದ ಎರಡು ಮರಿಗಳನ್ನು ಬೇರು ಸಮೇತ ಬಿಡಿಸಿ ಎರಡು ಡಬ್ಬಕ್ಕೆ ನೆಟ್ಟಳು.

"ಇಲ್ಲಿ ಇಡ್ಬೇಡಿ. ಅಡುಗೆಮನೆ ಕಿಟಕೀಲಿ ಇಟ್ಕೊಳ್ಳಿ, ಅಲ್ಲಿಗೂ ದೀಪ ಬೀಳುತ್ತೆ. ಸತ್ರೆ ಬೆಕ್ಕಿನ ಮೇಲೆ ಹಾಕ್ಬೇಡಿ."

"ನನ್ನ ಅಡುಗೆಮನೇಲಿ ಮಣ್ಣಾ?" ಎಂದು ಅಜ್ಜಿ ಒಳಗಿನಿಂದ ಕೂಗಿದಳು.

ಪಿಟೀಲು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗೆ ಒಳಗೆ ಕಪ್ಪು ಕಾಗದ ಅಂಟಿಸಿದಳು. ಸಂಜೆ ಆರಕ್ಕೆ ಒಂದು ಡಬ್ಬದ ಮೇಲೆ ಅದನ್ನು ಮಗುಚಿಡುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು. ಡ್ರೈವರ್ ಊರುಗೋಲಿನಲ್ಲಿ ಹೋಗಿ ಪೆಟ್ಟಿಗೆ ಎತ್ತಲು ಹೋಗಿ ಎಣ್ಣೆ ಬಾಟಲಿ ಬೀಳಿಸಿದ ಮೇಲೆ ಅಜ್ಜಿ ಆ ಕೆಲಸ ತಾನೇ ವಹಿಸಿಕೊಂಡಳು. ಮುನ್ನೂರು ಜನರ ಊಟವನ್ನು ಗಂಟೆ ಹೊಡೆದಂತೆ ಬಡಿಸಿದ ಕೈ ಅದು. ಆರು ಹೊಡೆಯುವ ಮೊದಲೇ ಮಸಾಲೆ ಡಬ್ಬಗಳನ್ನು ಸರಿಸಿ ಜಾಗ ಮಾಡುತ್ತಿದ್ದಳು.

"ಮಲಗಿಸಿದ್ಯಾ?" ಎಂದು ಮಗ ಒಳಕೋಣೆಯಿಂದ ಕೇಳುವನು.

"ಮಲಗಿಸ್ದೆ. ನಿನ್ನನ್ನ ಮಲಗಿಸೋಕೆ ಇಷ್ಟು ಸುಲಭ ಇರ್ಲಿಲ್ಲ."

ಐದನೆಯ ವಾರ, ಆರನೆಯ ವಾರ. ಪ್ಲಾಸ್ಟರ್ ತೆಗೆದರು. ಕಾಲು ಬಡಕಲಾಗಿ, ಬಿಳಿಚಿಕೊಂಡು, ಬೇರೆ ಯಾರದೋ ಕಾಲಿನಂತೆ ಕಂಡಿತು. ದಿನಾ ಮೆಟ್ಟಿಲು ಹತ್ತಿ ಇಳಿಯಬೇಕೆಂದರು. ಎರಡು ಸಸಿಗಳೂ ಗೇಣುದ್ದ ಬೆಳೆದವು. ನೋಡಲು ಎರಡೂ ಒಂದೇ. ಮನೆಯಲ್ಲಿ ಪಂದ್ಯ ಶುರುವಾಯಿತು. ಹೂವು ಬಂದರೆ ಬಿಳಿ ಎಂದ ಡ್ರೈವರ್. ನೇರಳೆ ಎಂದಳು ಮಗಳು. "ಹಳದಿ. ಸೇವಂತಿಗೆ ಅಂದ್ರೆ ಹಳದಿ, ಅದರಲ್ಲಿ ಕೇಳೋದೇನಿದೆ?" ಎಂದಳು ಅಜ್ಜಿ.

"ನೀನು ಯಾವುದು ಅಮ್ಮಾ?" ಎಂದು ಮಗಳು ಕೇಳಿದಳು.

"ಮೊದಲು ಬರ್ಲಿ" ಎಂದಳು ಹೆಂಡತಿ, ಬಟ್ಟೆ ಮಡಚುತ್ತ.

ಏಳನೆಯ ವಾರದ ಒಂದು ಬೆಳಿಗ್ಗೆ ಅಜ್ಜಿ ಪೆಟ್ಟಿಗೆ ತೆಗೆಯಲು ಹೋದಾಗ ಅದು ಆಗಲೇ ತೆಗೆದಿತ್ತು. ಸೊಸೆ ಕೆಲಸದ ಸೀರೆಯುಟ್ಟು, ಅಂಗಡಿಯಲ್ಲಿ ಗಾಜು ಪರೀಕ್ಷಿಸುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೊತ್ತಿ, ಡಬ್ಬದ ಮೇಲೆ ಬಗ್ಗಿದ್ದಳು.

"ಸಿಕ್ಕಿಬಿದ್ಯಲ್ಲ" ಎಂದಳು ಅಜ್ಜಿ. "ಎಷ್ಟು ದಿನದಿಂದ?"

"ಐದಾರು ದಿನ ಆಯ್ತು ಅತ್ತೆ. ಅವರಿಗೆ ಹೇಳ್ಬೇಡಿ."

"ಹೇಳಲ್ಲ. ಏನಾದ್ರೂ ಇದೆಯಾ?"

ಸೊಸೆ ಗಾಜನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಒಂದು ಕಣ್ಣು ಮುಚ್ಚಿ ನೋಡಿದಳು. ಮುಚ್ಚಿಟ್ಟ ಸಸಿಯ ತುದಿಯಲ್ಲಿ ಎಲೆಗಳ ನಡುವೆ ಸಾಸಿವೆಯಷ್ಟು ದುಂಡನೆಯ ಮೂರು ಗಂಟುಗಳಿದ್ದವು. ಅವಳು ಪಕ್ಕದ ಡಬ್ಬ ನೋಡಿದಳು. ಅಲ್ಲಿ ಎಲೆ ಬಿಟ್ಟು ಬೇರೇನೂ ಇರಲಿಲ್ಲ. ಮತ್ತೆ ಮೊದಲಿನದನ್ನು ನೋಡಿದಳು.

"ಲೋ" ಎಂದು ಕೂಗಿದಳು, ಮಾತು ಕೊಟ್ಟದ್ದನ್ನು ಮರೆತು, "ಎದ್ದು ಬಾರೋ ಇಲ್ಲಿ. ನಿನ್ನ ಕೋಳಿ ಮೊಟ್ಟೆ ಇಟ್ಟಿದೆ."

ಡ್ರೈವರ್ ಕುಂಟುತ್ತ ಬಂದ. ಹಿಂದೆಯೇ ಹಲ್ಲುಜ್ಜುತ್ತ ಮಗಳು. ಗಾಜು ಕೈಯಿಂದ ಕೈಗೆ ಹೋಯಿತು. ಕಡೆಗೆ ಗಂಡ ಹೆಂಡತಿ ಇಬ್ಬರೇ ಕಿಟಕಿಯ ಬಳಿ ಉಳಿದರು.

"ಯಾರಿಗೆ ಹೊಳೆದಿತ್ತು, ಕಂಬಾನೇ ಕಾರಣ ಅಂತ" ಎಂದಳು ಅವಳು. "ನಾನು ಎರಡು ವರ್ಷ ಗೊಬ್ಬರ ಬದಲಾಯಿಸ್ತಾ ಕೂತೆ."

"ನನಗೂ ಹೊಳೀಲಿಲ್ಲ. ಆ ರೆಂಬೆ ಮುರೀದೆ ಇದ್ದಿದ್ರೆ ಹೊಳೀತಾನೂ ಇರ್ಲಿಲ್ಲವೇನೋ."

"ಹಾಗಂತ ಇನ್ನೊಂದು ಮುರೀಬೇಡಿ."

ಅವನು ನಕ್ಕ. ಅವಳು ನಗಲಿಲ್ಲ, ಆದರೆ ಅಂದು ಹತ್ತು ನಿಮಿಷ ತಡವಾಗಿ ಕೆಲಸಕ್ಕೆ ಹೋದಳು. ಸಂಜೆ ಬರುವಾಗ ಅಂಗಡಿಯಲ್ಲಿ ಕನ್ನಡಿ ಸುತ್ತಿ ಬಂದಿದ್ದ ದಪ್ಪ ಕಪ್ಪು ಬಟ್ಟೆಯೊಂದನ್ನು ತಂದಳು. ಹೊಲಿಗೆ ಹಾಕಿ ಚೀಲ ಮಾಡಿ, ತನ್ನ ದೊಡ್ಡ ಸೇವಂತಿಗೆಗೆ ತಾನೇ ತೊಡಿಸಿದಳು. ಯಾರ ಸಹಾಯವನ್ನೂ ಕೇಳಲಿಲ್ಲ. ಯಾರೂ ಸಹಾಯಕ್ಕೆ ಹೋಗಲೂ ಇಲ್ಲ.

ಹನ್ನೊಂದನೆಯ ವಾರ ಡ್ರೈವರ್ ಮತ್ತೆ ಕೆಲಸಕ್ಕೆ ಹೋದ. ಕಿಟಕಿಯ ಮೊಗ್ಗುಗಳು ಆಗ ಬಟಾಣಿಯಷ್ಟಾಗಿದ್ದವು, ಹಸಿರು ಮುಸುಕು ಇನ್ನೂ ಬಿಚ್ಚಿರಲಿಲ್ಲ. ದಿನಾ ಬೆಳಗಿನ ಪಾಳಿಗೆ ಹೊರಡುವಾಗ ಕತ್ತಲಲ್ಲೇ ಪೆಟ್ಟಿಗೆ ಎತ್ತಿ ನೋಡಿಕೊಂಡು ಹೋಗುವನು. ಅದೇ ಭಾನುವಾರ, ಉಳಿದ ಮೂವರೂ ಮನೆಯಲ್ಲಿದ್ದಾಗ, ಅವನು ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಮನೆಗೆ ಫೋನ್ ಮಾಡಿದ. ಮಗಳು ಎತ್ತಿಕೊಂಡಳು.

"ಅಪ್ಪಾ, ಬಿಟ್ಟಿದೆ. ಒಂದು ಪೂರ್ತಿ ಬಿಟ್ಟಿದೆ."

"ಯಾವ ಬಣ್ಣ?"

ಫೋನಿನಲ್ಲಿ ಏನೋ ಗುಸುಗುಸು ಕೇಳಿಸಿತು.

"ಅಮ್ಮ ಹೇಳ್ಬೇಡ ಅಂತಿದಾಳೆ. ಬಂದು ನೋಡ್ಬೇಕಂತೆ."

"ಬಿಳಿನಾ? ಬರೀ ಹೌದು ಅಲ್ಲ ಅನ್ನು."

ಫೋನು ಕಟ್ಟಾಯಿತು. ಕಂಡಕ್ಟರ್ ಸೀಟಿ ಊದಿದ. ಉಳಿದ ಎರಡು ಟ್ರಿಪ್ಪಿನಲ್ಲೂ ಡ್ರೈವರ್ ಒಂದೇ ಒಂದು ನಿಲ್ದಾಣದಲ್ಲೂ ಅರೆ ನಿಮಿಷ ಹೆಚ್ಚು ನಿಲ್ಲಿಸಲಿಲ್ಲ.

ಮೂರಕ್ಕೆ ಮನೆ ತಲುಪಿದ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ, ಸಮವಸ್ತ್ರದಲ್ಲೇ ಅಡುಗೆಮನೆಗೆ ಹೋದ. ಕಿಟಕಿಯಲ್ಲಿ ಒಂದೇ ಡಬ್ಬವಿತ್ತು, ಹೂವಿಲ್ಲದ್ದು.

"ಇನ್ನೊಂದು ಎಲ್ಲಿ?"

ಅಜ್ಜಿ ಸೌಟಿನಲ್ಲೇ ಬಾಲ್ಕನಿಯ ಕಡೆ ತೋರಿಸಿದಳು.

ಹೆಂಡತಿ ಸ್ಟ್ಯಾಂಡಿನ ಪಕ್ಕದಲ್ಲಿ ಮಣ್ಣು ಕೈಯಲ್ಲಿ ನಿಂತಿದ್ದಳು. ಮೇಲಿನ ಮೆಟ್ಟಿಲಿನಲ್ಲಿ ಗುಲಾಬಿ ಇದ್ದ ಜಾಗಕ್ಕೆ ಅವನ ಡಬ್ಬ ಬಂದಿತ್ತು. ಗುಲಾಬಿ ಎರಡನೆಯ ಮೆಟ್ಟಿಲಿಗೆ ಇಳಿದಿತ್ತು, ಅಲ್ಲಿಯ ದಾಸವಾಳ ಮೂರನೆಯದಕ್ಕೆ. ಅದರ ಹೂವು ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ನೇರಳೆಯೂ ಅಲ್ಲ. ಸುಟ್ಟ ಇಟ್ಟಿಗೆಯ ಕೆಂಪು, ಎಸಳಿನ ಬೆನ್ನು ಮಾತ್ರ ಮಾಸಲು ಚಿನ್ನದ ಬಣ್ಣ. ಗಿಡ ಗೇಣುದ್ದ, ಹೂವು ಮಗುವಿನ ಅಂಗೈಯಷ್ಟು.

"ಎಲ್ಲರೂ ಸೋತ್ರಿ" ಎಂದಳು ಹೆಂಡತಿ.

"ನೀನು?"

"ನಾನು ಪಂದ್ಯ ಕಟ್ಟಿದ್ರೆ ತಾನೇ."

"ಇಲ್ಲಿ ಯಾಕೆ ತಂದೆ? ನಿನ್ನ ಜಾಗ ಹೋಯ್ತಲ್ಲ."

"ಅಡುಗೆಮನೇಲಿ ಎಣ್ಣೆ ಹೊಗೆ ಬಡಿಯುತ್ತೆ ಅದಕ್ಕೆ. ಒಂದು ಡಬ್ಬದ ಜಾಗ ತಾನೇ. ಇರ್ಲಿ."

ಅವನು ಇನ್ನೂ ಹೊಸ್ತಿಲು ದಾಟದೆಯೇ ನಿಂತಿದ್ದ. ಹೂವು ಗೋಡೆಯ ಕಡೆ ಮುಖ ಮಾಡಿತ್ತು. ತಿರುಗಿಸಲು ಕೈ ಚಾಚಿದವನು ಅರ್ಧಕ್ಕೇ ಹಿಂದೆಳೆದುಕೊಂಡು ಅವಳ ಮುಖ ನೋಡಿದ. ಅವಳು ಪಕ್ಕಕ್ಕೆ ಸರಿದು, ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಳು.

"ಬನ್ನಿ ಈಚೆ" ಎಂದಳು. "ನಿಮ್ಮ ಗಿಡ. ನೀವೇ ತಿರುಗಿಸಿ."